‘ತುಳಸಿ’ ಓದಿದ ನಾಲ್ವರು, ನಾಲ್ಕು ಅಭಿಪ್ರಾಯ



ದಸರಾ ರಜೆಯಲ್ಲಿ ದ್ವಿತೀಯ ಪಿಯುಸಿಯ ಕೆಲವರು ಯಂಡಮೂರಿ ವೀರೇಂದ್ರನಾಥರ ‘ತುಳಸಿ’ ಕಾದಂಬರಿಯನ್ನು ಓದಿಕೊಂಡು ಬಂದರು. ಇದ್ದದ್ದು ಒಂದೇ ಹಳೆಯ ಪ್ರತಿ, ಕೈಯಿಂದ ಕೈಗೆ ದಾಟಿತ್ತು. ಕಾಲೇಜು ಮತ್ತೆ ಶುರುವಾದಾಗ ಕನ್ನಡದ ಅವಧಿಯಲ್ಲಿ ಅವರ ಅಭಿಪ್ರಾಯ ಕೇಳಿದೆ. ನಾಲ್ವರು ಎದ್ದು ಮಾತಾಡಿದರು. ಒಬ್ಬರ ಮಾತು ಇನ್ನೊಬ್ಬರಿಗೆ ಒಪ್ಪಿಗೆಯಾಗಲಿಲ್ಲ, ಗಂಟೆ ಹೊಡೆದರೂ ವಾದ ನಿಲ್ಲಲಿಲ್ಲ. ಪುಸ್ತಕದ ಬಗ್ಗೆ ಅಭಿಪ್ರಾಯ ಹೇಳುವುದು ಹೇಗೆ ಎಂಬ ಪಾಠಕ್ಕೆ ಆ ವಾದವೇ ಒಳ್ಳೆಯ ಉದಾಹರಣೆ ಎನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಪುಸ್ತಕ ಓದದವರಿಗಾಗಿ ಎರಡು ಮಾತು. ಯಂಡಮೂರಿ ತೆಲುಗಿನ ಲೇಖಕರು, ಓದಿದ್ದು ಚಾರ್ಟರ್ಡ್ ಅಕೌಂಟೆನ್ಸಿ. 1995ರ ಕನ್ನಡ ಚಿತ್ರ ‘ಬೆಳದಿಂಗಳ ಬಾಲೆ’ಯ ಮೂಲ ಕಾದಂಬರಿಯೂ ಇವರದೇ. ಇವರಿಗೆ ದೊಡ್ಡ ಹೆಸರು ತಂದದ್ದು ‘ತುಳಸಿದಳ’. ವಂಶಿಯವರ ಅನುವಾದದಲ್ಲಿ ಅದು ‘ಸುಧಾ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. 1985ರಲ್ಲಿ ಕನ್ನಡ ಸಿನಿಮಾ ಕೂಡ ಆಯಿತು. ಶ್ರೀಧರ್, ಶಾರದಾ ದಂಪತಿಯ ಪುಟ್ಟ ಮಗಳು ತುಳಸಿ. ಹಣದಾಸೆಗೆ ಅವಳ ಮೇಲೆ ಮಾಟ ಮಾಡಿಸುತ್ತಾರೆ. ಒಂದು ಕಡೆ ವೈದ್ಯರು, ಇನ್ನೊಂದು ಕಡೆ ಮಂತ್ರವಾದಿ. ಯಾವುದನ್ನು ನಂಬಬೇಕು ಎಂಬುದನ್ನು ಲೇಖಕರು ಓದುಗರಿಗೇ ಬಿಡುತ್ತಾರೆ. ‘ತುಳಸಿ’ ಅದರ ಮುಂದಿನ ಭಾಗ. ಈ ಪುಸ್ತಕದ ಭಯಕ್ಕೆ ಇರುವ ಹೆಸರು ಕಾಷ್ಮೋರಾ. 1986ರಲ್ಲಿ ಇದನ್ನಾಧರಿಸಿ ಬಂದ ತೆಲುಗು ಚಿತ್ರಕ್ಕೂ ಅದೇ ಹೆಸರು.

ಈಗ ನಾಲ್ಕು ಅಭಿಪ್ರಾಯಗಳು, ಅವರವರ ಮಾತಿನಲ್ಲೇ.

ಒಂದು: “ಭಾಳ ಚಲೋ ಐತಿ ಸರ್. ಹೆದ್ರಿಕೆಯಾಗಿ ರಾತ್ರಿ ಲೈಟ್ ಆರಿಸ್ದೇ ಮಲಗಿದ್ನಿ.”

ಎರಡು: “ಮೊದಲನೇದೇ ವಾಸಿ ಸರ್. ಇದನ್ನ ಓದೋವಾಗ ಮುಂದೇನಾಗ್ತೈತಿ ಅಂತ ಮೊದಲೇ ಗೊತ್ತಾಗ್ತೈತಿ.”

ಮೂರು: “ಇಂಥಾ ಪುಸ್ತಕ ಕಾಲೇಜಿನ್ಯಾಗ ಇಡಬಾರದು ಸರ್. ಮೂಢನಂಬಿಕೆ ಹೆಚ್ಚಾಗ್ತೈತಿ.”

ನಾಲ್ಕು: “ಇದ್ರಾಗ ಇರೋದೆಲ್ಲಾ ಖರೇ ಸರ್. ನಮ್ಮ ದೊಡ್ಡಮ್ಮನ ಮಗಳಿಗೂ ಹಿಂಗ ಆಗೇತಿ.”

ನಾಲ್ವರೂ ಒಂದೇ ಪುಸ್ತಕದ ಬಗ್ಗೆ ಮಾತಾಡುತ್ತಿದ್ದಾರೆ ಎನ್ನಿಸುತ್ತದೆ. ಗಮನವಿಟ್ಟು ನೋಡಿದರೆ ನಾಲ್ವರೂ ನಾಲ್ಕು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದಾರೆ. ಮೊದಲನೆಯವನ ಪ್ರಶ್ನೆ, ಓದುವಾಗ ನನಗೇನಾಯಿತು? ಎರಡನೆಯವಳದು, ಪುಸ್ತಕ ಚೆನ್ನಾಗಿ ಕಟ್ಟಲಾಗಿದೆಯೇ? ಮೂರನೆಯವನದು, ಓದಿದ ಸಮಾಜಕ್ಕೆ ಏನಾಗುತ್ತದೆ? ನಾಲ್ಕನೆಯವಳದು, ಇದು ನಿಜವೇ? ಇವನ್ನು ಬೇರೆ ಮಾಡದೆ ಇದ್ದುದರಿಂದಲೇ ಅಂದು ವಾದ ಮುಗಿಯಲಿಲ್ಲ. ಒಂದೊಂದಾಗಿ ನೋಡೋಣ.

ಮೊದಲನೆಯದು ಭಯ. ಹೆದರಿಸುವ ಕಥೆ ಓದಿ ಹೆದರಿದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ “ಹೆದರಿದೆ” ಎಂದಷ್ಟೇ ಬರೆದರೆ ಅಭಿಪ್ರಾಯ ಪೂರ್ತಿಯಾಗದು. ಯಾಕೆ ಹೆದರಿದೆ ಎಂದು ಕೇಳಿಕೊಳ್ಳಬೇಕು. ಉರ್ದು ಆಯ್ದುಕೊಂಡವರಿಗೆ ‘ತಿಲಿಸ್ಮ್-ಎ-ಹೋಶ್‌ರುಬಾ’ ಹೆಸರು ಗೊತ್ತಿರಬಹುದು. 1883ರಿಂದ ಲಖನೌದ ನವಲ್ ಕಿಶೋರ್ ಮುದ್ರಣಾಲಯ ಅದನ್ನು ಸಂಪುಟ ಸಂಪುಟವಾಗಿ ಹೊರತಂದಿತು. ಅದರ ತುಂಬ ಮಾಂತ್ರಿಕರೇ ಇದ್ದಾರೆ. ಆದರೂ ಓದಿದವರು ಲೈಟ್ ಹಾಕಿಕೊಂಡು ಮಲಗುವುದಿಲ್ಲ, ಯಾಕೆಂದರೆ ಆ ಲೋಕ ನಮ್ಮದಲ್ಲವೆಂದು ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಹಿಂದಿಯಲ್ಲಿ ದೇವಕೀನಂದನ ಖತ್ರಿಯವರ ‘ಚಂದ್ರಕಾಂತಾ’ 1888ರಲ್ಲಿ ಬಂತು, ಬಳಿಕ ‘ಚಂದ್ರಕಾಂತಾ ಸಂತತಿ’ ಎಂದು ಮುಂದುವರಿಯಿತು. ಖತ್ರಿಯವರ ತಿಲಿಸ್ಮಿನ ಒಳಗೆ ಹೊಕ್ಕರೆ ಸಿಗುವುದು ಯಂತ್ರ, ಗುಪ್ತ ಬಾಗಿಲು, ಕುಶಲಕಲೆ. ಯಂಡಮೂರಿ ಹಿಡಿದದ್ದು ಮೂರನೆಯ ದಾರಿ. ಅಪ್ಪ ಕೆಲಸಕ್ಕೆ ಹೋಗುವ, ಡಾಕ್ಟರ್ ಬಂದುಹೋಗುವ, ನಮ್ಮಂಥವರ ಮನೆಯೊಳಗೆ ಮಾಟವನ್ನು ತಂದಿಟ್ಟರು. ಬಲಿಪಶುವಾಗಿ ಚಿಕ್ಕ ಮಗುವನ್ನು ಇಟ್ಟರು. ಪುಸ್ತಕ ಮುಚ್ಚಿದ ಮೇಲೂ ನಾವು ಕೂತಿರುವುದು ಅಂಥದೇ ಮನೆಯಲ್ಲಿ. ಲೈಟ್ ಆರಿಸಲು ಕೈ ಬಾರದ್ದು ಇದಕ್ಕೇ.

ಎರಡನೆಯದು ಕಟ್ಟಡ. ಸರಣಿಯ ಎರಡನೆಯ ಪುಸ್ತಕಕ್ಕೆ ಒಂದು ಕಷ್ಟವಿದೆ. ಮೊದಲನೆಯದನ್ನು ಓದುವಾಗ ಏನೂ ಗೊತ್ತಿರುವುದಿಲ್ಲ, ಪ್ರತಿ ತಿರುವೂ ಹೊಸದು. ಎರಡನೆಯದಕ್ಕೆ ಬರುವ ಓದುಗ ಲೇಖಕರ ಪಟ್ಟುಗಳನ್ನು ಕಲಿತುಕೊಂಡೇ ಬಂದಿರುತ್ತಾನೆ. ಲೇಖಕರಿಗೆ ಉಳಿಯುವುದು ಎರಡು ದಾರಿ: ಅಪಾಯವನ್ನು ಇನ್ನಷ್ಟು ದೊಡ್ಡದು ಮಾಡುವುದು, ಇಲ್ಲವೇ ಜನರನ್ನು ಇನ್ನಷ್ಟು ಆಳವಾಗಿ ತೋರಿಸುವುದು. “ಮೊದಲನೆಯದೇ ವಾಸಿ” ಎನ್ನುವವರು ಈ ಎರಡರಲ್ಲಿ ಯಾವುದು ಸಾಲದೆ ಹೋಯಿತು ಎಂದು ಒಂದು ಪ್ರಸಂಗ ಹಿಡಿದು ತೋರಿಸಬೇಕು. ಹಾಗೆ ತೋರಿಸಿದರೆ ಆ ಮಾತು ವಿಮರ್ಶೆಯಾಗುತ್ತದೆ. ತೋರಿಸದಿದ್ದರೆ ಅದು ಮೊದಲ ಪುಸ್ತಕದ ನೆನಪು ಮಾತ್ರ.

ಮೂರನೆಯದು, ಇಂಥ ಪುಸ್ತಕ ಇರಬೇಕೇ ಬೇಡವೇ. ಇದನ್ನು ನಿಮಗಿಂತ ಮೊದಲೇ ಕೇಳಿದವರಿದ್ದಾರೆ. ಈ ಕಾದಂಬರಿಗಳು ಬಂದಾಗ ತೆಲುಗಿನಲ್ಲಿ ಅವಕ್ಕೆ ‘ಕ್ಷುದ್ರ ಸಾಹಿತ್ಯ’ ಎಂಬ ಹೆಸರು ಬಿತ್ತು. ಲೇಖಕಿ ರಂಗನಾಯಕಮ್ಮ ಕಟುವಾದ ವಿಮರ್ಶೆ ಬರೆದರು. ಇದು ತುಳಸಿದಳವಲ್ಲ, ಗಾಂಜಾದ ದಮ್ಮು ಎಂಬ ಅರ್ಥ ಬರುವಂತೆ ಅದಕ್ಕೆ ಹೆಸರಿಟ್ಟರು. ಅವರ ಮಾತು ಒಪ್ಪಿಗೆಯಾಗಲಿ ಬಿಡಲಿ, ಅವರು ಹಿಡಿದ ಕ್ರಮವನ್ನು ನೋಡಿ. ಪೂರ್ತಿ ಓದಿದರು, ವಾದ ಹೂಡಿದರು, ತಮ್ಮ ಹೆಸರು ಹಾಕಿ ಪ್ರಕಟಿಸಿದರು. “ಇಡಬಾರದು” ಎಂದ ವಿದ್ಯಾರ್ಥಿ ಅಂದು ಅರ್ಧಕ್ಕೇ ಪುಸ್ತಕ ಬಿಟ್ಟಿದ್ದ. ಅವನ ಆತಂಕ ಸರಿಯಾದದ್ದೇ. ಪೂರ್ತಿ ಓದಿ ಬರೆದರೆ ಆ ಆತಂಕಕ್ಕೆ ತೂಕ ಬರುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಭಾರವಾದದ್ದು. ಆ ವಿದ್ಯಾರ್ಥಿನಿಯ ಒಪ್ಪಿಗೆ ಪಡೆದು, ಹೆಸರು ಹೇಳದೆ ಬರೆಯುತ್ತಿದ್ದೇನೆ. ಅವಳ ದೊಡ್ಡಮ್ಮನ ಮಗಳಿಗೆ ಆರು ತಿಂಗಳಿಂದ ಇದ್ದಕ್ಕಿದ್ದಂತೆ ಕೈಕಾಲು ಸೆಟೆದು ಪ್ರಜ್ಞೆ ತಪ್ಪುತ್ತಿತ್ತು. ಯಾರೋ ಮಾಡಿಸಿದ್ದಾರೆ ಎಂದು ಮನೆಯವರು ನಿರ್ಧರಿಸಿದ್ದರು. ತಾಯತ ಕಟ್ಟಿಸಿದ್ದರು. ಎದುರು ಮನೆಯವರ ಮೇಲೆ ಅನುಮಾನ ಬಂದು ಮಾತು ಬಿಟ್ಟಿದ್ದರು. ಹುಡುಗಿಯನ್ನು ಆಸ್ಪತ್ರೆಗೆ ಮಾತ್ರ ತೋರಿಸಿರಲಿಲ್ಲ. “ಪುಸ್ತಕದಾಗೂ ಡಾಕ್ಟರ್ ಕೈಲಿ ಆಗ್ಲಿಲ್ಲಲ್ಲ ಸರ್” ಎಂದಳು.

ಇಲ್ಲಿ ನಮ್ಮ ಜಿಲ್ಲೆಯದೇ ಒಂದು ಸಂಗತಿ ಹೇಳಬೇಕು. ‘ತುಳಸಿದಳ’ ಸಿನಿಮಾ ಬಂದ 1985ರಲ್ಲೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಆರಂಭಿಸಿತು. ಹಗರಿಬೊಮ್ಮನಹಳ್ಳಿ ಆಗ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ವಿಜಯನಗರ ಜಿಲ್ಲೆ ಆದದ್ದು 2021ರಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಮತ್ತು ಮೂರ್ಛೆರೋಗವನ್ನು ಗುರುತಿಸಿ ಊರಿನ ಹತ್ತಿರವೇ ಔಷಧ ಕೊಡುವ ತರಬೇತಿ ಸಿಕ್ಕಿತು. 1990ರವರೆಗೆ ನಡೆದ ಈ ಕೆಲಸಕ್ಕೆ ‘ಬಳ್ಳಾರಿ ಮಾದರಿ’ ಎಂದೇ ಹೆಸರು. 1996ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ತಳಹದಿ. ದೇಶಕ್ಕೆ ದಾರಿ ತೋರಿಸಿದ್ದು ನಮ್ಮ ನೆಲ. ಕಾಷ್ಮೋರಾ ಹೆಸರು ಗೊತ್ತಿರುವ ನಮಗೆ ಈ ಹೆಸರೂ ಗೊತ್ತಿರಬೇಡವೇ?

ಇನ್ನೊಂದು ಮಾತು. ಮಾಟ, ಬಾನಾಮತಿ ಎಂಬ ಪದಗಳನ್ನು ನಾನು ಅಜ್ಜಿಯರ ಬಾಯಲ್ಲಿ ಬೇಕಾದಷ್ಟು ಕೇಳಿದ್ದೇನೆ. ಕಾಷ್ಮೋರಾ ಎಂಬುದನ್ನು ಕೇಳಿದ್ದು ಕಾದಂಬರಿ ಓದಿದವರ, ಸಿನಿಮಾ ನೋಡಿದವರ ಬಾಯಲ್ಲಿ ಮಾತ್ರ. ಪುಸ್ತಕದಿಂದ ಹೊರಟ ಹೆಸರು ನಿಜವಾದ ಮನೆಗಳ ಭಯದೊಳಗೆ ಸೇರಿಕೊಂಡಿದೆ. ಕಥೆಗೆ ಅಷ್ಟು ಶಕ್ತಿ ಇದೆ. ಕಥೆಯೊಳಗೆ ವೈದ್ಯ ಗೆಲ್ಲಬೇಕೋ ಸೋಲಬೇಕೋ ಎಂಬುದನ್ನು ಲೇಖಕರು ತೀರ್ಮಾನಿಸುತ್ತಾರೆ. ಮೂರ್ಛೆರೋಗಕ್ಕೆ ಮಾತ್ರೆ ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದನ್ನು ಯಾವ ಲೇಖಕರೂ ತೀರ್ಮಾನಿಸಲಾರರು.

ವಾಮಾಚಾರದ ವಿರುದ್ಧ ನಮ್ಮ ರಾಜ್ಯದಲ್ಲಿ 2017ರ ಕಾಯ್ದೆ ಇದೆ, 2020ರ ಜನವರಿಯಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುತ್ತೇವೆಂದು ಕಟ್ಟಿಹಾಕಿ ಹೊಡೆಯುವುದು, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕಿಸುವುದು ಅದರಲ್ಲಿ ಅಪರಾಧ. ಕಾದಂಬರಿ ಓದುವುದು ಅಪರಾಧವಲ್ಲ. ಓದು ಎಲ್ಲಿಗೆ ಮುಗಿಯುತ್ತದೆ, ಬದುಕು ಎಲ್ಲಿಂದ ಶುರುವಾಗುತ್ತದೆ ಎಂಬ ಗೆರೆಯನ್ನು ಓದುಗರೇ ಎಳೆದುಕೊಳ್ಳಬೇಕು.

ಆ ವಿದ್ಯಾರ್ಥಿನಿ ಮನೆಯಲ್ಲಿ ಮಾತಾಡಿದಳು. ಅವಳ ಅಕ್ಕನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದರು. ಫಿಟ್ಸ್ ಎಂದು ಹೇಳಿ ಮಾತ್ರೆ ಶುರುಮಾಡಿದ್ದಾರೆ. ತಾಯತ ಇನ್ನೂ ತೋಳಲ್ಲಿದೆ, ಅದಕ್ಕೆ ಯಾರೂ ಜಗಳ ತೆಗೆದಿಲ್ಲ. ಎದುರು ಮನೆಯವರ ಜೊತೆ ಮಾತು ಮಾತ್ರ ಇನ್ನೂ ಶುರುವಾಗಿಲ್ಲ.

ಅಭ್ಯಾಸಕ್ಕಾಗಿ: ನೀವು ಓದಿದ ಯಾವುದಾದರೂ ಸರಣಿಯ ಎರಡನೆಯ ಪುಸ್ತಕವನ್ನು ತೆಗೆದುಕೊಳ್ಳಿ. ನನಗೇನಾಯಿತು, ಕಟ್ಟಿದ್ದು ಹೇಗಿದೆ, ಓದಿದವರಿಗೆ ಏನಾದೀತು, ಇದು ನಿಜವೇ, ಈ ನಾಲ್ಕು ಪ್ರಶ್ನೆಗಳಿಗೆ ನಾಲ್ಕು ನಾಲ್ಕು ಸಾಲು ಬರೆಯಿರಿ. ಒಂದರ ಉತ್ತರವನ್ನು ಇನ್ನೊಂದರೊಳಗೆ ಬೆರೆಸಬೇಡಿ. ಬರೆದದ್ದನ್ನು ಗ್ರಂಥಾಲಯದಲ್ಲಿ ಕೊಡಿ, ಚೆನ್ನಾಗಿರುವುದನ್ನು ಮುಂದಿನ ಸಂಚಿಕೆಯಲ್ಲಿ ಹಾಕೋಣ. ಮನಸ್ಸಿಗೆ ಸಂಬಂಧಿಸಿದ ತೊಂದರೆ ನಿಮಗಾಗಲಿ ಮನೆಯವರಿಗಾಗಲಿ ಇದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಶುಲ್ಕವಿಲ್ಲ. ಈ ಸಂಖ್ಯೆಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ.