ಮೊದಲು ಬೆಚ್ಚಗೆ, ಆಮೇಲೆ ತಣ್ಣಗೆ

ಜನವರಿಯಲ್ಲಿ ದೋಸೆ ಹಿಟ್ಟು ಹುಳಿ ಬರಬೇಕೆಂದರೆ ಓವನ್ನಿನ ದೀಪ ಹಾಕಿ ಪಾತ್ರೆಯನ್ನು ಒಳಗಿಡಬೇಕು. ಶಿಕಾಗೋ, ಡೆಟ್ರಾಯ್ಟ್ ಸುತ್ತಿನ ಕನ್ನಡದ ಮನೆಗಳಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅದೇ ಮನೆಗೆ ವೈನ್ ಕಿಟ್ ಬಂದರೆ ಬಕೆಟ್ಟು ಮಾತ್ರ ಬೇಸ್‌ಮೆಂಟಿನ ಬರಿ ಕಾಂಕ್ರೀಟ್ ನೆಲದ ಮೇಲೆ ಕೂರುತ್ತದೆ. ಯೀಸ್ಟಿಗೂ ಚಳಿಯಾಗುತ್ತದೆ ಎಂಬುದು ಅಲ್ಲಿ ಮರೆತುಹೋಗುತ್ತದೆ.

ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿದ್ದಾಗ ಶುರುವಾದ ವೈನ್ ಮಾಡುವ ಈ ಹವ್ಯಾಸ ಡೆಟ್ರಾಯ್ಟ್ ಪಕ್ಕದ ಕ್ಯಾಂಟನ್‌ಗೆ ಬಂದ ಮೇಲೂ ನನ್ನ ಜೊತೆಗಿದೆ. ಕಿಟ್ಟಿನ ಪೆಟ್ಟಿಗೆಯಲ್ಲಿ ದ್ರಾಕ್ಷಿಯ ಗಟ್ಟಿ ರಸದ ಚೀಲ, ಯೀಸ್ಟ್, ಬೆಂಟೊನೈಟ್ ಎಂಬ ಜೇಡಿಯ ಪುಡಿ, ಸಲ್ಫೈಟ್, ಸಾರ್ಬೇಟ್, ಕೊನೆಯಲ್ಲಿ ಹಾಕುವ ತಿಳಿಗೊಳಿಸುವ ದ್ರವ ಇರುತ್ತವೆ. ನೀರು ಬೆರೆಸಿ 23 ಲೀಟರ್ ಮಾಡಿದರೆ 30 ಬಾಟಲಿ. ಅಮೆರಿಕದ ಕಾನೂನಿನ ಪ್ರಕಾರ ಇಬ್ಬರು ವಯಸ್ಕರಿರುವ ಮನೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ಮಾಡಿಕೊಳ್ಳಬಹುದು; ಮಾರುವಂತಿಲ್ಲ.

ಬೇಸ್‌ಮೆಂಟಿನಲ್ಲಿ ಗಾಳಿಗಿಂತ ನೆಲ ತಣ್ಣಗೆ. ಬಕೆಟ್ಟಿನ ಅಡಿಗೊಂದು ಮರದ ಹಲಗೆ, ಮೈಗೆ ಅಂಟಿಸಿದ ಉಷ್ಣಮಾಪಕ ಪಟ್ಟಿ, ಫರ್ನೇಸ್ ಇರುವ ಮೂಲೆ. ಅಷ್ಟೂ ಸಾಲದಿದ್ದರೆ ಸುತ್ತ ಒಂದು ಬಿಸಿ ಪಟ್ಟಿ. ರಸ 22ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಂತರೆ ಹುದುಗುವಿಕೆ ಸಲೀಸಾಗಿ ಸಾಗುತ್ತದೆ. ಮುಗಿಯಿತೋ ಇಲ್ಲವೋ ಎಂದು ಹೇಳಬೇಕಾದದ್ದು ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್. ಏರ್‌ಲಾಕಿನಲ್ಲಿ ಗುಳ್ಳೆ ನಿಂತಿತು ಎಂಬುದೂ, ಕೈಪಿಡಿಯ ಪ್ರಕಾರ ದಿನ ತುಂಬಿತು ಎಂಬುದೂ ಪುರಾವೆಯಲ್ಲ. 1.090ರಲ್ಲಿ ಶುರುವಾದ ರಸ 0.996ಕ್ಕೋ ಅದಕ್ಕಿಂತ ಕೆಳಗೋ ಇಳಿದು, ಎರಡು ಮೂರು ದಿನ ಕದಲದೆ ನಿಂತರೆ ಮಾತ್ರ ನಾನು ಮುಂದಿನ ಹೆಜ್ಜೆ ಇಡುವುದು.

ಆ ಮುಂದಿನ ಹೆಜ್ಜೆಯಲ್ಲೇ ಕಿಟ್ ವೈನಿನ ಹಣೆಬರಹ ಇದೆ ಎಂದು ನನ್ನ ನಂಬಿಕೆ. ನಾನು ಬೆಳೆದ ಮಡಿಕೇರಿಯಲ್ಲಿ ದ್ರಾಕ್ಷಿಯದೋ ನೆಲ್ಲಿಕಾಯಿಯದೋ ವೈನ್ ಭರಣಿಯಲ್ಲಿ ತಿಂಗಳುಗಟ್ಟಲೆ ಕೂರುತ್ತಿತ್ತು. ಹುದುಗಿದಾಗ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಅಷ್ಟು ಕಾಲದಲ್ಲಿ ತಾನಾಗಿಯೇ ಹೊರಟುಹೋಗುತ್ತಿತ್ತು. ಕಿಟ್ಟಿನ ಪೆಟ್ಟಿಗೆ ನಾಲ್ಕರಿಂದ ಎಂಟು ವಾರದ ಮಾತಾಡುತ್ತದೆ. ಹಾಗಾಗಿ ಕಾಲ ಮಾಡುವ ಕೆಲಸವನ್ನು ಕೈ ಮಾಡಬೇಕು. ಈ ಗಾಳಿ ವೈನಿನಲ್ಲೇ ಉಳಿದರೆ ಗಸಿ ತಳಕ್ಕಿಳಿಯದೆ ತೇಲುತ್ತದೆ, ಎಷ್ಟು ಒಳ್ಳೆಯ ತಿಳಿಗೊಳಿಸುವ ದ್ರವ ಹಾಕಿದರೂ ವೈನ್ ಮಬ್ಬಾಗಿಯೇ ಇರುತ್ತದೆ, ನಾಲಿಗೆಗೆ ಚುರುಗುಟ್ಟುತ್ತದೆ. ತಣ್ಣಗಿನ ದ್ರವ ಈ ಗಾಳಿಯನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. 15 ಡಿಗ್ರಿಯ ಬೇಸ್‌ಮೆಂಟಿನಲ್ಲಿ ತೋಳು ಸೋಲುವವರೆಗೆ ಕಲಕಿದರೂ ಹೊರಡದ ಗಾಳಿ, ವೈನ್ ಇರುವ ಕಾರ್ಬಾಯ್ ಎಂಬ ಗಾಜಿನ ದೊಡ್ಡ ಜಾಡಿ 23 ಡಿಗ್ರಿಗೆ ಬಂದ ಮೇಲೆ ಡ್ರಿಲ್ಲಿಗೆ ಸಿಕ್ಕಿಸಿದ ಕಲಕುವ ಕಡ್ಡಿಗೆ ನೊರೆನೊರೆಯಾಗಿ ಏಳುತ್ತದೆ. ಆಮೇಲೊಂದು ಪರೀಕ್ಷೆ. ಸಣ್ಣ ಕೊಳವೆಯಲ್ಲಿ ಅರ್ಧ ವೈನ್ ತುಂಬಿ, ಬಾಯಿಗೆ ಅಂಗೈ ಒತ್ತಿ, ಜೋರಾಗಿ ಅಲ್ಲಾಡಿಸಿ ಕೈ ತೆಗೆಯಬೇಕು. ಪುಸ್ ಎಂದರೆ ಇನ್ನೂ ಕಲಕುವ ಕೆಲಸ ಬಾಕಿ.

ಗಾಳಿ ಹೋದ ಮೇಲೆ ಚಳಿ ನಮ್ಮ ಕಡೆಗೆ. ತಿಳಿಗೊಳಿಸುವ ದ್ರವ ಬೆಚ್ಚಗಿನ ಜಾಗದಲ್ಲೇ ತನ್ನ ಕೆಲಸ ಮುಗಿಸಿದ ಮೇಲೆ ಕಾರ್ಬಾಯನ್ನು ಹೊರಗೋಡೆಯ ಪಕ್ಕದ ತಂಪಿಗೆ ಸರಿಸಿದರೆ ಉಳಿದ ಸಣ್ಣ ಗಸಿಯೂ ನಿಲ್ಲುತ್ತದೆ. ಕೆಲವೊಮ್ಮೆ ಟಾರ್ಟಾರಿಕ್ ಆಮ್ಲದ ಲವಣದ ಹರಳು ಬಾಟಲಿಗೆ ಬರುವ ಬದಲು ಇಲ್ಲೇ ಕೂತುಬಿಡುತ್ತದೆ. ಬಿಸಿಯಿಲ್ಲದ ಗ್ಯಾರೇಜಿನಲ್ಲಿ ಫೆಬ್ರವರಿ ರಾತ್ರಿ ಬಿಡಬಾರದು. ವೈನ್ ಹೆಪ್ಪುಗಟ್ಟಿದರೆ ಗಾಜು ಒಡೆಯುತ್ತದೆ.

ನೀರಿನ ವಿಚಾರ ಚಿಕ್ಕದು. ಶಿಕಾಗೋ ಕಡೆಗೆ ಬರುವುದು ಮಿಶಿಗನ್ ಸರೋವರದ ನೀರು, ಡೆಟ್ರಾಯ್ಟ್ ಕಡೆಗೆ ಹ್ಯೂರನ್ ಸರೋವರ ಮತ್ತು ಡೆಟ್ರಾಯ್ಟ್ ನದಿಯದು. ಎರಡೂ ಒಳ್ಳೆಯವೇ, ಇದ್ದಿಲಿನ ಫಿಲ್ಟರಿನಿಂದ ಕ್ಲೋರಿನ್ ತೆಗೆದರೆ ಸಾಕು. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ವಾಸನೆ ಇದ್ದರೆ ಮಾತ್ರ ಅಂಗಡಿಯ ನೀರು. ತೊಳೆದ ಪಾತ್ರೆಯ ಸೂಕ್ಷ್ಮಾಣು ಕಳೆಯಲು ಬ್ಲೀಚ್ ಬೇಡ, ಸಲ್ಫೈಟ್ ದ್ರಾವಣ ಇದೆ.

ರುಚಿಯ ಬಗ್ಗೆ ಒಂದು ಮಾತು. ಶಿಕಾಗೋ, ಡೆಟ್ರಾಯ್ಟ್ ಎರಡನ್ನೂ ಕೂಡಿಸುವ 94ನೇ ಹೆದ್ದಾರಿ ಮಿಶಿಗನ್ ರಾಜ್ಯದ ಪಾ ಪಾ ಊರಿನ ಪಕ್ಕದಲ್ಲೇ ಹಾಯುತ್ತದೆ. ಅಲ್ಲಿಂದ ಲಾಟನ್‌ವರೆಗೆ ಕಾಂಕರ್ಡ್ ದ್ರಾಕ್ಷಿಯ ತೋಟಗಳು. 1921ರಲ್ಲಿ ಡೆಟ್ರಾಯ್ಟ್ ನದಿಯಾಚೆಯ ವಿಂಡ್ಸರ್‌ನಲ್ಲಿ ಹುಟ್ಟಿ, ಪಾನನಿಷೇಧ ಮುಗಿದ ಮೇಲೆ ಡೆಟ್ರಾಯ್ಟಿಗೆ ಬಂದ ಸೇಂಟ್ ಜೂಲಿಯನ್ ವೈನರಿ 1936ರಲ್ಲಿ ನೆಲೆ ನಿಂತದ್ದು ಈ ಪಾ ಪಾದಲ್ಲೇ. ಕೊಯ್ಲಿನ ಕಾಲದಲ್ಲಿ ಅಲ್ಲಿ ಕಾರಿನ ಗಾಜು ಇಳಿಸಿದರೆ ಬೆಂಗಳೂರು ಬ್ಲೂ ದ್ರಾಕ್ಷಿಯ ನೆನಪಾಗುತ್ತದೆ. ಎರಡರಲ್ಲೂ ಅಮೆರಿಕದ ಕಾಡುದ್ರಾಕ್ಷಿಯ ರಕ್ತ ಇದೆ. ಸಾಮಾನ್ಯವಾಗಿ ಕಿಟ್ಟಿಗೆ ಬರುವ ಕ್ಯಾಬರ್ನೆ, ಮರ್ಲೋ ರಸ ಯೂರೋಪಿನ ಜಾತಿಯದು. ನಮ್ಮೂರ ವೈನಿನ ಆ ಘಮ ಅದರಲ್ಲಿ ಸಿಗುವುದಿಲ್ಲ. ಸಿಗಲಿಲ್ಲವೆಂದು ಸಕ್ಕರೆ ಸುರಿದು ರಸ ಕೆಡಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹೊಸದಾಗಿ ಶುರುಮಾಡುವವರಿಗೆ ಸೆಪ್ಟೆಂಬರ್ ಕೊನೆಯೇ ಸರಿ. ಬೇಸ್‌ಮೆಂಟಿನಲ್ಲಿ ಬೇಸಿಗೆಯ ಬಿಸುಪು ಇನ್ನೂ ಉಳಿದಿರುವಾಗ ರಸ ಹುದುಗುತ್ತದೆ, ನವೆಂಬರಿನ ತಂಪಿಗೆ ತಿಳಿಯಾಗುತ್ತದೆ. ಕಾರ್ಬಾಯಿನ ಕತ್ತಿನವರೆಗೆ ಅದೇ ಬಗೆಯ ವೈನ್ ತುಂಬಿ ಖಾಲಿ ಜಾಗ ಉಳಿಯದಂತೆ ನೋಡಿಕೊಂಡರೆ ಡಿಸೆಂಬರ್ ಪೂರ್ತಿ ಬಿಡಬಹುದು. ಆರು ತಿಂಗಳಿಗಿಂತ ಹೆಚ್ಚು ಇಡುವುದಿದ್ದರೆ ಬಾಟಲಿ ತುಂಬುವ ಮೊದಲು 23 ಲೀಟರಿಗೆ ಕಾಲು ಟೀ ಚಮಚ ಸಲ್ಫೈಟ್ ಹೆಚ್ಚಿಗೆ ಹಾಕಬೇಕು. ಜನವರಿಯಲ್ಲಿ ತುಂಬಿದ ಬಿಳಿ ವೈನನ್ನು ಯುಗಾದಿಯ ಹೊತ್ತಿಗೆ ತೆರೆಯಬಹುದು. ಕೆಂಪನ್ನು ಮುಂದಿನ ದಸರೆಯವರೆಗೆ ಮುಟ್ಟಬಾರದು.