ಪಿಸ್ತೂಲು ನಮ್ಮನ್ನು ಕಾಯುತ್ತದೆಯೇ?



ಮೊಳಕಾಲ್ಮೂರಿನ ಸಂಘವೊಂದರ ಸಭೆಯಲ್ಲಿ ಒಬ್ಬ ಸದಸ್ಯೆ ಕೇಳಿದರು: "ಸಿಸ್ಟರ್, ನಮ್ಮ ಕೈಯಾಗೂ ಒಂದು ಪಿಸ್ತೂಲ್ ಇದ್ರೆ ಯಾವನು ಮೈಮೇಲೆ ಬರ್ತಾನೆ?" ಎಲ್ಲರೂ ನಕ್ಕರು. ಆದರೆ ಮಗಳನ್ನು ಹೊರಗೆ ಕಳಿಸುವ ತಾಯಿಯ ಭಯ ಆ ಮಾತಿನಲ್ಲಿತ್ತು. ಅದಕ್ಕೇ ಈ ಸಲ ಅದನ್ನೇ ಪಾಠವಾಗಿ ತೆಗೆದುಕೊಂಡಿದ್ದೇವೆ.

2012ರ ಡಿಸೆಂಬರ್‌ನಲ್ಲಿ ದೆಹಲಿಯ ಬಸ್ಸಿನಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಅತ್ಯಾಚಾರ ನಡೆಯಿತು. ಅದಾದ ಮೇಲೆ, 2014ರ ಜನವರಿಯಲ್ಲಿ, ಕಾನ್ಪುರದ ಸರ್ಕಾರಿ ಶಸ್ತ್ರ ಕಾರ್ಖಾನೆ ಹೆಂಗಸರಿಗಾಗಿಯೇ 'ನಿರ್ಭೀಕ್' ಎಂಬ ರಿವಾಲ್ವರ್ ತಂದಿತು. ತೂಕ ಅರ್ಧ ಕೆ.ಜಿ., ಆಗಿನ ಬೆಲೆ 1,22,360 ರೂಪಾಯಿ. 15 ಜನರ ಸಂಘ ವಾರಕ್ಕೆ ತಲಾ 20 ರೂಪಾಯಿ ಉಳಿಸಿದರೂ, ಆ ಬೆಲೆಗೆ ಒಂದನ್ನು ಕೊಳ್ಳಲು ಹತ್ತಿರ ಹತ್ತಿರ 8 ವರ್ಷ ಬೇಕು! ಮೇಲೆ ಲೈಸೆನ್ಸ್ ಬೇರೆ. ಅದಿಲ್ಲದೆ ಇಟ್ಟುಕೊಂಡರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಜೈಲು.

ದುಡ್ಡಿಗಿಂತ ದೊಡ್ಡ ವಿಷಯ ಇನ್ನೊಂದಿದೆ. ದೇಶದ ಅಪರಾಧ ದಾಖಲೆಗಳ ಪ್ರಕಾರ 100 ಅತ್ಯಾಚಾರ ಪ್ರಕರಣಗಳಲ್ಲಿ 90ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಗುರುತಿನವನೇ: ನೆಂಟ, ನೆರೆಯವ, ಕೆಲಸ ಕೊಡುವವ, ಮದುವೆಯಾಗ್ತೀನಿ ಅಂದವ. ಶೇಂಗಾ ಹೊಲದಲ್ಲಿ, ಮಗ್ಗದ ಮನೆಯಲ್ಲಿ ದಿನಾ ಮಾತಾಡಿಸುವವನ ಮುಂದೆ ಯಾರು ಪಿಸ್ತೂಲ್ ಹಿಡಿದು ನಿಲ್ತಾರೆ? ಮನೆಯಲ್ಲಿಟ್ಟ ಪಿಸ್ತೂಲು ಕುಡಿದು ಬಂದ ಗಂಡಸಿನ ಕೈಗೂ, ಮಕ್ಕಳ ಕೈಗೂ ಸಿಗುತ್ತದೆ.

ಹಾಗಂತ ಸುಮ್ಮನೆ ಸಹಿಸಿ ಎನ್ನುತ್ತಿಲ್ಲ. ಅತ್ಯಾಚಾರಕ್ಕೆ ಬಂದವನಿಂದ ಪಾರಾಗಲು ಕಚ್ಚಿ, ಹೊಡೆದು, ಕೈಗೆ ಸಿಕ್ಕಿದ್ದರಿಂದ ತಡೆಯುವ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆ ಕೊಟ್ಟಿದೆ. ಭಯದಿಂದ ಕೈಕಾಲು ಆಡದೇ ಹೋದರೆ ಅದೂ ಅವಳ ತಪ್ಪಲ್ಲ.

ನೆನಪಿಡಿ:

1. ಅಪಾಯವಿದ್ದರೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098.
2. ಸ್ನಾನ ಮಾಡಿಸಬೇಡಿ, ಬಟ್ಟೆ ಒಗೆಯಬೇಡಿ. ಬಟ್ಟೆಯನ್ನು ಕಾಗದದಲ್ಲಿ ಸುತ್ತಿಡಿ.
3. ಸರ್ಕಾರಿ ಆಗಲಿ, ಖಾಸಗಿ ಆಗಲಿ, ಆಸ್ಪತ್ರೆ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು.
4. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. "ಇದು ನಮ್ಮ ಸರಹದ್ದಲ್ಲ" ಎನ್ನುವಂತಿಲ್ಲ.

ಹುಡುಗಿ ಬಾಯಿ ಬಿಟ್ಟ ದಿನ ನಾವೇ "ಮರ್ಯಾದೆ ಹೋಗುತ್ತೆ, ಸುಮ್ಮನಿರು" ಅಂದರೆ, ಊರ ಹಿರಿಯರು ರಾಜಿ ಮಾಡಿಸುವಾಗ ತಲೆ ಆಡಿಸಿದರೆ, ಯಾವ ಆಯುಧವೂ ಅವಳನ್ನು ಕಾಯದು. ಅವಳನ್ನು ನಂಬಿ, ಠಾಣೆಯವರೆಗೆ ಜೊತೆಗೆ ನಡೆಯುವ ಹತ್ತು ಹೆಂಗಸರೇ ಅವಳಿಗೆ ಬಲ.

ಚರ್ಚೆಗೆ:

- ನಮ್ಮ ಊರಲ್ಲಿ ಹೆಣ್ಣುಮಕ್ಕಳು ಹೆದರಿ ಓಡಾಡುವ ಜಾಗ ಯಾವುದು? ಅಲ್ಲಿ ಬೀದಿದೀಪ ಕೇಳಿ ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆಯೇ?
- ಆರೋಪಿ ನಮ್ಮ ಮನೆಯವನೇ ಆಗಿದ್ದರೆ ನಾವು ಯಾರ ಕಡೆ ನಿಲ್ಲುತ್ತೇವೆ?