ಗಡಸು ನೀರೂ ಎಣ್ಣೆಯ ಸಿಂಪಡಣೆಯೂ

ಕಲಬುರಗಿ ನಗರದ ಸುತ್ತಣ ತೊಗರಿಯ ಹೊಲಗಳಲ್ಲಿಯೂ, ಕಮಲಾಪುರದ ಹೆಸರಾದ ಕೆಂಪು ಬಾಳೆಯ ತೋಟಗಳಲ್ಲಿಯೂ ಕೀಟಗಳ ಹತೋಟಿಗಾಗಿ ಬೇವಿನ ಎಣ್ಣೆಯನ್ನು ಸಾಬೂನಿನೊಡನೆ ನೀರಿನಲ್ಲಿ ಕದಡಿ ಸಿಂಪಡಿಸುವುದುಂಟು. ಎಣ್ಣೆಯೂ ಅಳತೆಯೂ ಒಂದೇ ಆಗಿದ್ದರೂ ಒಂದು ಬಾವಿಯ ನೀರಿನಲ್ಲಿ ಮಿಶ್ರಣವು ಹಾಲಿನಂತೆ ನಿಲ್ಲುವುದು. ಮತ್ತೊಂದರ ನೀರಿನಲ್ಲಿ ಮೊಸರಿನಂತೆ ಒಡೆದು ಎಣ್ಣೆಯು ಮೇಲೆ ತೇಲುವುದು. ಒಡೆದ ಮಿಶ್ರಣವನ್ನು ಸಿಂಪಡಿಸಿದರೆ ಕೆಲವು ಗಿಡಗಳಿಗೆ ಬರಿಯ ನೀರು ಬಿದ್ದು ಕೀಟಗಳು ಉಳಿಯುವುವು. ಕೆಲವಕ್ಕೆ ಎಣ್ಣೆಯು ಹೆಚ್ಚಾಗಿ ಬಿದ್ದು ಎಲೆಗಳು ಸುಡುವುವು. ಹಣವೂ ಶ್ರಮವೂ ವ್ಯರ್ಥ.

ಇದಕ್ಕೆ ಕಾರಣವು ನೀರಿನಲ್ಲಿ ಕರಗಿರುವ ಲೋಹದ ಅಯಾನುಗಳು. ಈ ಜಿಲ್ಲೆಯ ಶಹಾಬಾದ್, ಸೇಡಂ, ಚಿತ್ತಾಪುರಗಳ ಕಡೆ ನೆಲದಲ್ಲಿ ಸುಣ್ಣಕಲ್ಲಿನ ಪದರಗಳಿವೆ. ಇಂಗುವ ಮಳೆಯ ನೀರು ಮಣ್ಣಿನ ಇಂಗಾಲಾಮ್ಲವನ್ನು ಹೀರಿ, ಇಂತಹ ಕಲ್ಲಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಳ್ಳುವುದು. ಸಾಬೂನಿನ ಕಣದ ಒಂದು ತುದಿ ಎಣ್ಣೆಯನ್ನೂ ಇನ್ನೊಂದು ತುದಿ ನೀರನ್ನೂ ಹಿಡಿದಿರುವುದರಿಂದ ಎಣ್ಣೆಯ ಹನಿಗಳು ಕೂಡಿಕೊಳ್ಳವು. ಕ್ಯಾಲ್ಸಿಯಂ ಅಯಾನು ಒಂದೊಂದೂ ಇಂತಹ ಎರಡು ಕಣಗಳನ್ನು ಬಂಧಿಸಿ ಕರಗದ ಗಸಿಯನ್ನಾಗಿ ಮಾಡುವುದು. ಲೀಟರಿಗೆ 300 ಮಿಲಿಗ್ರಾಂ ಗಡಸುತನವುಳ್ಳ ನೀರು ಲೀಟರೊಂದಕ್ಕೆ ಸುಮಾರು 1.8 ಗ್ರಾಂ ಶುದ್ಧ ಸಾಬೂನನ್ನು ಹೀಗೆ ನುಂಗುವುದು. 15 ಲೀಟರಿನ ಸಿಂಪಡಣಾ ಡಬ್ಬಿಗೆ ಸುಮಾರು 27 ಗ್ರಾಂ.

ಆದರೆ ಲೋಹದ ಅಯಾನುಗಳು ಎಲ್ಲೆಡೆಯೂ ಶತ್ರುಗಳಲ್ಲ. 1943ರಲ್ಲಿ ಹೋರ್ ಮತ್ತು ಶುಲ್ಮನ್ ಎಂಬ ವಿಜ್ಞಾನಿಗಳು, ಕಣ್ಣಿಗೆ ತಿಳಿಯಾಗಿ ಕಾಣುವಷ್ಟು ಅತಿ ಸಣ್ಣ ಹನಿಗಳ ಎಣ್ಣೆ-ನೀರಿನ ಮಿಶ್ರಣವನ್ನು ವಿವರಿಸಿದರು. ಇದಕ್ಕೆ ಸೂಕ್ಷ್ಮ ಎಮಲ್ಶನ್ ಎಂದು ಹೆಸರು. ಎಣ್ಣೆಯೊಳಗಿನ ಅಂತಹ ನೀರಿನ ಹನಿಯೊಂದರಲ್ಲಿ ಕ್ಯಾಲ್ಸಿಯಂ, ಮತ್ತೊಂದರಲ್ಲಿ ಕಾರ್ಬೊನೇಟ್ ಇದ್ದರೆ, ಹನಿಗಳು ಢಿಕ್ಕಿ ಹೊಡೆದಾಗ ಸುಣ್ಣದ ಕಣಗಳು ಹುಟ್ಟುವುವು. ಹನಿಯು ಸಣ್ಣದಾದುದರಿಂದ ಕಣವೂ ಸಣ್ಣದಾಗಿಯೇ ಉಳಿಯಬಲ್ಲುದು. ಮೆಗ್ನೀಸಿಯಂ ತನ್ನ ಸುತ್ತಲಿನ ನೀರನ್ನು ಬಿಗಿಯಾಗಿ ಹಿಡಿಯುವುದರಿಂದ ಕ್ಯಾಲ್ಸೈಟ್ ಹರಳಿನ ಬೆಳವಣಿಗೆಯನ್ನು ತಡೆದು, ಕಣಗಳ ರೂಪವನ್ನೇ ಬದಲಿಸುವುದು. ಟ್ರಾಕ್ಟರಿನ ಎಂಜಿನ್ ಎಣ್ಣೆಗಳಲ್ಲಿ ಆಮ್ಲವನ್ನು ತಡೆಯಲು ಇಂತಹ ಸೂಕ್ಷ್ಮ ಸುಣ್ಣದ ಕಣಗಳನ್ನು ಸೇರಿಸುವರು. ಅಲ್ಲಿ ಅವುಗಳನ್ನು ತೇಲಿಸುವ ವಸ್ತುವು ಕ್ಯಾಲ್ಸಿಯಮ್ಮಿನೊಡನೆ ಹೊಂದಿಕೊಳ್ಳತಕ್ಕದ್ದು. ಬಟ್ಟೆಯ ಸಾಬೂನು ಹಾಗೆ ಹೊಂದಿಕೊಳ್ಳಲಾರದು.

ಆದುದರಿಂದ ರೈತರು ಸಿಂಪಡಣೆಗೆ ಮೊದಲು ನೀರನ್ನು ಪರೀಕ್ಷಿಸತಕ್ಕದ್ದು. ಬಾಟಲಿಯಲ್ಲಿ ಅರ್ಧ ನೀರು ತುಂಬಿ, ಸ್ವಲ್ಪ ಸಾಬೂನಿನ ತುರಿ ಹಾಕಿ ಕುಲುಕಬೇಕು. ನೊರೆ ನಿಲ್ಲದೆ ಬಿಳಿಯ ಗಸಿ ಕಟ್ಟಿದರೆ ಆ ನೀರು ಗಡಸು. ಅಂತಹ ಕಡೆ ಶೇಖರಿಸಿದ ಮಳೆಯ ನೀರೇ ಉತ್ತಮ. ಇಲ್ಲವಾದರೆ ಗಡಸು ನೀರಿಗೆ ಒಡೆಯದ, ಅಯಾನುರಹಿತ ಎಮಲ್ಶನ್‌ಕಾರಕವನ್ನು ಉಪಯೋಗಿಸಬೇಕು. ಬಟ್ಟೆ ಒಗೆಯುವ ಸೋಡಾ ಹಾಕಿದರೆ ಸುಣ್ಣವು ತಳಕ್ಕಿಳಿಯುವುದು ನಿಜ. ಆದರೆ ನೀರು ಕ್ಷಾರವಾಗಿ ಬೇವಿನಲ್ಲಿರುವ ಅಜಾಡಿರಾಕ್ಟಿನ್ ಬೇಗನೆ ಕೆಡುವುದು. ಮಿಶ್ರಣವನ್ನು ಮೊದಲು ಒಂದು ಲೋಟದಲ್ಲಿ ಮಾಡಿ ಅರ್ಧ ಗಂಟೆ ನೋಡಿ, ಒಡೆಯದಿದ್ದರೆ ಮಾತ್ರ ಡಬ್ಬಿಗೆ ತುಂಬತಕ್ಕದ್ದು. ಲೋಟದಲ್ಲಿ ಆಗುವ ನಷ್ಟ ಅಲ್ಪ. ಹೊಲದಲ್ಲಿ ಆಗುವ ನಷ್ಟ ಬಹಳ.